ಪಠ್ಯದಾಚೆಗಿನ ಬುತ್ತಿಗಂಟು

ಕನ್ನಡ ಪ್ರಬಂಧದಲ್ಲಿ ‘ಹಾಸುಹೊಕ್ಕಾಗಿದೆ’ ಎಂದು ಬರೆಯದ ವಿದ್ಯಾರ್ಥಿ ಸಿಗುವುದು ಕಷ್ಟ. ಆ ಮಾತು ಒಂದು ಗೈಡಿನಿಂದ ಇನ್ನೊಂದು ಗೈಡಿಗೆ ಇಳಿದು ಬರುತ್ತಲೇ ಇದೆ. ಆದರೆ ಹಾಸು ಎಂದರೇನು, ಹೊಕ್ಕು ಎಂದರೇನು ಎಂದು ಕೇಳಿ ನೋಡಿ, ತರಗತಿಗೆ ತರಗತಿಯೇ ಸುಮ್ಮನಾಗುತ್ತದೆ. ಉತ್ತರ ಗಜೇಂದ್ರಗಡದ ನೇಕಾರರ ಓಣಿಯಲ್ಲಿದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿ ಅತ್ತಿಂದಿತ್ತ ಓಡುತ್ತ ಅಡ್ಡಕ್ಕೆ ಸೇರಿಸುವ ಎಳೆ ಹೊಕ್ಕು. ಪಟ್ಟೆದಂಚು ಸೀರೆಗೆ ಹೆಸರಾದ ಊರಿನ ಹುಡುಗನೇ ಈ ಮಾತನ್ನು ಮಗ್ಗ ನೋಡದೆ ಬಾಯಿಪಾಠ ಮಾಡುತ್ತಾನೆಂದರೆ, ತಪ್ಪು ಹುಡುಗನದಷ್ಟೇ ಅಲ್ಲ.

ಮೊದಲು ರೋಣ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಗಜೇಂದ್ರಗಡಕ್ಕೆ ಇತಿಹಾಸದ ಪುಸ್ತಕದಲ್ಲಿ ಸಿಗುವುದು ಒಂದೇ ಸಾಲು: 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದ. ಅಂಕ ತರುವ ಸಾಲು ಅದು, ಇರಲಿ. ಆ ಸಾಲಿನಾಚೆ ಈ ಸೀಮೆಯ ಮಾತು, ಮಳೆ, ನಗೆ, ಒಗಟುಗಳನ್ನು ಹಿಡಿದಿಟ್ಟ ಪುಸ್ತಕಗಳಿವೆ. ಅವು ಮನೆಯ ಕಪಾಟಿನಲ್ಲಿ ಅಪರೂಪ. ಅಲ್ಲಿರುವುದು ಡೈಜೆಸ್ಟು, ಪ್ರಶ್ನೆಪತ್ರಿಕೆಗಳ ಕಟ್ಟು, ಹೆಚ್ಚೆಂದರೆ ಒಂದು ನಿಘಂಟು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಮನೆಯಲ್ಲಿ ‘ಅಪ್ಪ ಹೊಲಕ್ಕ ಹೋಗ್ಯಾನ’ ಎನ್ನುವ ಮಗು ಹಾಗೆಯೇ ಬರೆದರೆ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಬೀಳುತ್ತದೆ. ಪರೀಕ್ಷೆಗೆ ಗ್ರಂಥಭಾಷೆ ಬೇಕು, ಸರಿ. ಆದರೆ ಕೆಂಪು ಗೆರೆ ನೋಡಿ ನೋಡಿ ತನ್ನ ಅವ್ವನ ಮಾತೇ ತಪ್ಪು ಎಂದು ಮಗು ತಿಳಿದರೆ? ಮುಂದೆ ಅದು ಕನ್ನಡದಲ್ಲೂ ಬಾಯಿ ಬಿಡುವುದಿಲ್ಲ, ಇಂಗ್ಲಿಷಿನಲ್ಲೂ ಬಿಡುವುದಿಲ್ಲ.

ಈ ಅಳುಕಿಗೆ ಒಳ್ಳೆಯ ಮದ್ದು ಬೀಚಿ. ರಾಯಸಂ ಭೀಮಸೇನರಾವ್ ಅವರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು. ಪೊಲೀಸ್ ಇಲಾಖೆಯಲ್ಲಿ ನೌಕರಿ. ಹೆಸರಿನ ಮೊದಲಕ್ಷರ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಸಹಿಯಲ್ಲೇ ಒಂದು ಹಾಸ್ಯ. ಇಂಥವರಿಗೆ ಮೊದಲು ಕನ್ನಡ ಪುಸ್ತಕವೆಂದರೆ ಆಸಕ್ತಿಯೇ ಇರಲಿಲ್ಲ! ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ ಕೈಗೆ ಬಂದ ಮೇಲೆ ಮನಸ್ಸು ತಿರುಗಿತು. ಒಂದೇ ಒಂದು ಪುಸ್ತಕ. ಆಮೇಲೆ ಅವರು ಬರೆದದ್ದು ಒಂದು ಕಪಾಟು ತುಂಬುವಷ್ಟು. ‘ತಿಮ್ಮನ ತಲೆ’, ‘ತಿಮ್ಮ ರಸಾಯನ’, ‘ಅಂದನಾ ತಿಮ್ಮ’ಗಳ ತಿಮ್ಮ ಪೆದ್ದನಂತೆ ಪ್ರಶ್ನೆ ಕೇಳಿ ದೊಡ್ಡವರನ್ನು ಪೇಚಿಗೆ ಸಿಕ್ಕಿಸುತ್ತಾನೆ. ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’. ಇಂಗ್ಲಿಷ್ ಪದದೊಳಗೆ ಕನ್ನಡದ ಭಯ ಹೇಗೆ ಹೊಕ್ಕಿತು ಎಂದು ಎಂಟನೆಯ ತರಗತಿಯ ಹುಡುಗಿಯೂ ಕಂಡುಹಿಡಿದು ನಗಬಲ್ಲಳು. ಬೀಚಿಯವರ ಎಲ್ಲ ಜೋಕುಗಳೂ ಇಂದಿಗೆ ನಿಲ್ಲುತ್ತವೆಂದಲ್ಲ. ಹೆಂಗಸರನ್ನು ಕುರಿತ ಕೆಲವು ಚಟಾಕಿಗಳು ಹಳಸಿವೆ. ಅದನ್ನೂ ಮಕ್ಕಳೊಡನೆ ಕೂತು ಮಾತಾಡಬಹುದು.

ಮೈಸೂರು ಕಡೆಯ ನಗೆಯ ರುಚಿ ಬೇರೆ. ವೈದ್ಯರಾಗಿದ್ದ ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತ 1942ರಲ್ಲಿ ‘ಕೊರವಂಜಿ’ ಪತ್ರಿಕೆ ಶುರುಮಾಡಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ನಾ. ಕಸ್ತೂರಿಯವರ ‘ಅನರ್ಥಕೋಶ’ ಪದಗಳಿಗೆ ಬೇಕೆಂದೇ ತಪ್ಪು ಅರ್ಥ ಕೊಡುವ ನಿಘಂಟು. ಕಸ್ತೂರಿಯವರ ಮನೆಮಾತು ಮಲಯಾಳ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಕಲಿತ ಭಾಷೆಯಲ್ಲಿ ಇಷ್ಟು ಆಟವಾಡಲು ಬರುತ್ತದೆಂದರೆ ಹುಟ್ಟಿದ ಭಾಷೆಯಲ್ಲಿ ಅಂಜಿಕೆ ಏಕೆ?

ಇನ್ನು ಒಗಟು. ‘ಹಸಿರು ಗಿಡದ ಮ್ಯಾಲ ಮೊಸರು ಚೆಲ್ಲೈತಿ’ ಎಂದರೆ ಮಲ್ಲಿಗೆ ಎಂದು ಅಜ್ಜಿಯರಿಗೆ ಗೊತ್ತು. ಇದನ್ನೇ ಹಿಡಿದು ಡಾಕ್ಟರೇಟ್ ಪಡೆಯಬಹುದೆಂದರೆ ಅನೇಕ ಪಾಲಕರು ನಂಬಲಿಕ್ಕಿಲ್ಲ. ಪಡೆದವರು ಇದೇ ಸೀಮೆಯವರು: ರೋಣ ತಾಲೂಕಿನ ಅಬ್ಬಿಗೇರಿಯ ಸೋಮಶೇಖರ ಇಮ್ರಾಪೂರ. ಜನಪದ ಒಗಟುಗಳ ಮೇಲೆ ಸಂಶೋಧನೆ ಮಾಡಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸಿದರು. ಅವರಿಗಿಂತ ಮೊದಲೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದವರು ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದಿದ್ದರು. ಕೆಂಪು ಗೆರೆ ಬೀಳುವ ಮಾತೇ ಅಲ್ಲಿ ಸಾಹಿತ್ಯವಾಗಿದೆ.

ಮಳೆಯ ಗಾದೆಗಳದು ವಿಜ್ಞಾನದ ಪಾಠಕ್ಕೂ ಸಲ್ಲುವ ಸಂಗತಿ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎನ್ನುತ್ತಾರೆ. ಮಘೆ ಎಂದರೆ ಆಗಸ್ಟ್ ಮಧ್ಯದಿಂದ ಕೊನೆಯವರೆಗಿನ ದಿನಗಳು. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆಂದು ಲೆಕ್ಕ. 365ನ್ನು 27ರಿಂದ ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ಗಜೇಂದ್ರಗಡದ ಸುತ್ತಲಿನ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಅದು ಬಂದ ಮೇಲೆ ಹಿಂಗಾರಿಗೆ ಬಿಳಿಜೋಳ, ಕಡಲೆ. ಎರೆ ಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬಿ ತೇವ ಹಿಡಿದಿಡುತ್ತವೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿದಾಗ ಕಾಲು ಸಿಕ್ಕಿಬೀಳುವಷ್ಟು ಬಿರುಕು. ಮಘೆಯಲ್ಲಿ ಹೊಲ ತಣಿದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆ ತೇವದ ಮೇಲೆಯೇ ಬದುಕುತ್ತದೆ. ಬೆಳೆಯುವ ಮಗನ ಹೋಲಿಕೆ ಸುಮ್ಮನೆ ಬಂದದ್ದಲ್ಲ.

ಹಾಗೆಂದು ಗಾದೆಯೆಲ್ಲ ನಿಜವೆಂದು ನಂಬಿಬಿಡುವುದೂ ಬೇಡ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಐದುನೂರು ವರ್ಷದ ಹಿಂದಿನ ಗಾದೆಯಾದರೆ ಅದರ ಮಳೆ ಈಗ ಒಂದು ವಾರ ಸರಿದಿರುತ್ತದೆ. ಶಾಲೆಯಲ್ಲೊಂದು ಮಳೆಮಾಪಕ ಇಟ್ಟು ಯಾವ ನಕ್ಷತ್ರದಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂದು ಹತ್ತು ವರ್ಷ ಬರೆದರೆ, ಗಾದೆಯನ್ನು ಪರೀಕ್ಷೆಗೆ ಕೂರಿಸಿದಂತಾಗುತ್ತದೆ.

ಊರಿನ ಬದುಕನ್ನೇ ಹೇಳುವ ಪುಸ್ತಕಗಳಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಹೇಮಾವತಿ ತೀರದ್ದು. ಹೈಸ್ಕೂಲು ಮಕ್ಕಳಿಗೆ ಹಗುರವಾಗಿ ಓದಿಸಿಕೊಳ್ಳುತ್ತದೆ. ರಾವಬಹಾದ್ದೂರರ ‘ಗ್ರಾಮಾಯಣ’ (1957) ಉತ್ತರ ಕರ್ನಾಟಕದ ಹಳ್ಳಿಯದು. ದಪ್ಪ ಪುಸ್ತಕ, ಕಾಲೇಜಿನವರಿಗೆ. ಅಲ್ಲಿ ನಾಯಕನೆಂದರೆ ಇಡೀ ಹಳ್ಳಿ. ಇಂಥ ಓದನ್ನು ಈ ಭಾಗದಲ್ಲಿ ಬೆಳೆಸಿದ ಧಾರವಾಡದ ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಆರಂಭಿಸಿದ ಜಿ.ಬಿ. ಜೋಶಿ ಗದಗ ಹತ್ತಿರದ ಹೊಂಬಳದವರು.

ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಎ.ಕೆ. ರಾಮಾನುಜನ್ ಬಿಡುವು ಸಿಕ್ಕಾಗಲೆಲ್ಲ ಅಜ್ಜಿಯರ ಕಥೆ ಬರೆದುಕೊಳ್ಳುತ್ತಿದ್ದರು. ಅವರ ಸಂಗ್ರಹದ ಒಂದು ಕಥೆ ಹೀಗಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು, ಆಕೆ ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲ ಬಳಿ ಒಂದು ಜೊತೆ ಕೆರವಾಯಿತು, ಹಾಡು ಗೂಟಕ್ಕೆ ನೇತಾಡುವ ಅಂಗಿಯಾಯಿತು. ಗಂಡ ಬಂದು, ಇವು ಯಾರವು ಎಂದು ಜಗಳ ತೆಗೆದು, ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗಿದ. ಊರ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ಜ್ವಾಲೆ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಕೇಳಿಸಿಕೊಂಡ ಗಂಡ ಬೆಳಗಾದ ಮೇಲೆ ಮನೆಗೆ ಬಂದು ಕಥೆ, ಹಾಡು ಕೇಳಿದ. ಆಕೆಗೆ ಎರಡೂ ಮರೆತಿದ್ದವು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ದೀಪದ ಜ್ವಾಲೆಗಳು ಮಾತಾಡುವುದು ಈ ಕಥೆಯಿಂದಲೇ.

ಈ ಸೂಟಿಯಲ್ಲಿ ಪಾಲಕರು ಮಕ್ಕಳ ಕೈಗೆ ನೂರು ಪುಟದ ಒಂದು ನೋಟ್‌ಬುಕ್ ಕೊಡಬಹುದು. ಎಡಪುಟದಲ್ಲಿ ಅಜ್ಜಿ ಹೇಳಿದ ಒಡಪು, ಗಾದೆ, ಕಥೆ, ಅವರು ಹೇಳಿದ ಹಾಗೆಯೇ, ತಿದ್ದದೆ. ಬಲಪುಟದಲ್ಲಿ ಹೇಳಿದವರ ಹೆಸರು, ವಯಸ್ಸು, ತವರೂರು, ತಾರೀಖು. ತಿಳಿಯದ ಪದಕ್ಕೆ ಅಡಿಗೆರೆ ಹಾಕಿಟ್ಟು ಮರುದಿನ ಮತ್ತೆ ಕೇಳಬೇಕು.