ಲಾಂಡ್ರಿಯ ಹಿತ್ತಲ ಕೋಣೆಯಲ್ಲಿ ಹುಟ್ಟಿದ ಗುಂಡು

ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಫೆದರ್ ನದಿಯ ದಡದಲ್ಲಿ ಓರೊವಿಲ್ ಎಂಬ ಊರಿದೆ. ಚಿನ್ನ ಹುಡುಕಿ ಬಂದವರು ಕಟ್ಟಿಕೊಂಡ ಊರು. ಅಲ್ಲಿನ ಫ್ರೆಡ್ ಹಂಟಿಂಗ್ಟನ್‌ಗೆ ಅಪ್ಪನ ಲಾಂಡ್ರಿಯಲ್ಲಿ ಕೆಲಸ, ಬಿಡುವಾದರೆ ‘ರಾಕ್ ಚಕ್’ ಬೇಟೆ. ಬಂಡೆಗಳ ನಡುವೆ ಬಿಲ ತೋಡಿ ಬದುಕುವ, ಅಳಿಲಿನ ಬಳಗದ ದಪ್ಪ ಪ್ರಾಣಿ ಅದು. ಬಲು ದೂರದಿಂದಲೇ ಗುರಿ ಹಿಡಿಯಬೇಕು. ಅದಕ್ಕೆ ಒಂದರಂತೆಯೇ ಇನ್ನೊಂದಿರುವ ಗುಂಡುಗಳು ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಥವು ಎಲ್ಲಿ ಸಿಗಬೇಕು? 1943ರಲ್ಲಿ ಹಂಟಿಂಗ್ಟನ್ ತಾನೇ ಮಾಡಿಕೊಳ್ಳಲು ಕೂತ.

ಅವನು ಕೈಗೆತ್ತಿಕೊಂಡದ್ದು ಜನ ಬಿಸಾಡಿದ್ದನ್ನು. .22 ರೈಫಲಿನಿಂದ ಉದುರಿದ ಖಾಲಿ ತೋಟೆಯ ಅಂಚನ್ನು ಅಚ್ಚಿನಲ್ಲಿ ತೀಡಿ ನೇರ ಮಾಡಿದ. ಒಳಗೆ ಸೀಸದ ತುಂಡಿಟ್ಟು, ಕಾಯಿಸದೆ, ಬರೀ ಒತ್ತಡದಿಂದಲೇ ಚೂಪಾದ ಗುಂಡಾಗಿಸಿದ. ಹಳೆಯ ತೋಟೆಯೇ ಹೊಸ ಗುಂಡಿನ ಕವಚವಾಯಿತು. ಆ ಸಲಕರಣೆಗೆ ಬಂದ ಹೆಸರು ‘ರಾಕ್ ಚಕ್ ಬುಲೆಟ್ ಸ್ವೇಜ್’. ಅದರ ಮೊದಲಕ್ಷರಗಳೇ ಅವನ ಕಂಪನಿಯ ಹೆಸರು, ಆರ್‌ಸಿಬಿಎಸ್. ಮನೆಯಲ್ಲೇ ತೋಟೆ ತುಂಬುವ ಬೇಟೆಗಾರರಲ್ಲಿ ಈ ಹೆಸರು ಕೇಳದವರು ವಿರಳ. ಇದೇ ಕಂಪನಿಯ ಎರಕದ ಕಬ್ಬಿಣದ ಹಸಿರು ಪ್ರೆಸ್ ‘ರಾಕ್ ಚಕರ್’ ಇಂದಿಗೂ ಆ ಪುಟ್ಟ ಪ್ರಾಣಿಯ ಹೆಸರನ್ನು ಹೊತ್ತಿದೆ.

ತೋಟೆ ತುಂಬುವ ವಿದ್ಯೆ ಮಾತ್ರ ಅವನಿಗಿಂತ ಹಳೆಯದು. 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಕಾಡೆಮ್ಮೆ ಬೇಟೆಗಾರರು ರಾತ್ರಿ ಡೇರೆಯಲ್ಲಿ ಕೂತು ಮರುದಿನದ ತೋಟೆಗಳನ್ನು ತುಂಬಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು, ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ಸೇನೆಯಲ್ಲಿ ಮಿಕ್ಕಿದ ಮದ್ದನ್ನು ಕೊಂಡು ಮಾರತೊಡಗಿದ ಮೇಲೆ ಹವ್ಯಾಸ ಮನೆಮನೆಗೆ ಇಳಿಯಿತು.

ತೋಟೆಯೊಂದರಲ್ಲಿ ಇರುವುದು ನಾಲ್ಕೇ: ಹಿತ್ತಾಳೆಯ ಕೋಶ, ಕೇಪು, ಮದ್ದು, ಗುಂಡು. ಹಾರಿಸಿದ ಮೇಲೂ ಉಳಿಯುವುದು ಕೋಶ; ದುಬಾರಿಯೂ ಅದೇ. ಬಿರುಕಿದೆಯೇ ಎಂದು ನೋಡಿ, ಎಣ್ಣೆ ಸವರಿ, ಅಚ್ಚಿಗೆ ಒತ್ತಿದರೆ ಹಿಗ್ಗಿದ ಕೋಶ ಮತ್ತೆ ಅಳತೆಗೆ ಬರುತ್ತದೆ, ಸುಟ್ಟ ಕೇಪು ಕಳಚುತ್ತದೆ. ಹೊಸ ಕೇಪು ಕೂರಿಸಿದ ಬಳಿಕ ಮದ್ದಿನ ಸರದಿ.

ಹೊಸಬರು ನಿಧಾನಿಸಬೇಕಾದ್ದು ಇಲ್ಲೇ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ತಯಾರಕರ ಕೈಪಿಡಿ ಹೇಳಿದ ಕನಿಷ್ಠ ತೂಕದಿಂದಲೇ ಶುರು ಮಾಡಬೇಕು, ಗರಿಷ್ಠವನ್ನು ಎಂದೂ ದಾಟಬಾರದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಮದ್ದು. ಗುಂಡು ಕೂರಿಸುವ ಮುಂಚೆ ಪ್ರತಿ ಕೋಶದೊಳಕ್ಕೂ ಬೆಳಕು ಬಿಟ್ಟು ನೋಡಬೇಕು; ಎರಡು ಸಲ ಮದ್ದು ಬಿದ್ದ ತೋಟೆ ಕೋವಿಯನ್ನೇ ಸಿಡಿಸಬಲ್ಲದು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿಗೆ ಕರಿಮದ್ದು ತುಂಬಿದ ಹಿರಿಯರ ಅಂದಾಜು ಈ ಹೊಗೆರಹಿತ ಮದ್ದಿಗೆ ಸಲ್ಲದು. 1972ರ ವನ್ಯಜೀವಿ ಕಾಯ್ದೆಯಡಿ ಈಗ ಇಲ್ಲಿ ಹವ್ಯಾಸದ ಬೇಟೆಗೆ ಜಾಗವಿಲ್ಲ. ನಾವು ಇದನ್ನು ದೂರದಿಂದ ನೋಡುವವರು.

ದೂರದಿಂದ ನೋಡಿದರೂ ಗೌರವ ಹುಟ್ಟುತ್ತದೆ. ಒಂದೊಂದು ತೋಟೆಗೂ ಇಷ್ಟು ದುಡಿದವನು ಕಂಡಕಂಡಲ್ಲಿ ಗುಂಡು ಹಾರಿಸುವುದಿಲ್ಲ. ತನ್ನ ಕೋವಿ ಎಷ್ಟು ದೂರಕ್ಕೆ ನಂಬಿಕಸ್ಥ ಎಂದು ಅವನಿಗೆ ಗೊತ್ತು. ಅದರಾಚೆಯ ಜಿಂಕೆಯನ್ನು ಗಾಯಗೊಳಿಸದೆ ಬಿಟ್ಟುಬಿಡುವುದೂ ಗೊತ್ತಿರಬೇಕು.

ಈಗ ಕಸುಬಿನ ನೆಲವೇ ಬದಲಾಗುತ್ತಿದೆ. ಗುಂಡಿನ ಸೀಸದ ಚೂರುಗಳಿದ್ದ ಮಾಂಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ನ್ಯಾಯವಾದ ನಿಷೇಧವೇ. ಆದರೆ ಬದಲಿಗೆ ಬಂದ ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕದ ಗುಂಡು ಉದ್ದವಾಗಿ ಕೋಶದೊಳಗಿನ ಜಾಗ ತಿನ್ನುತ್ತದೆ, ಹಳೆಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಬೇಟೆಗಾರರು ವರ್ಷಗಟ್ಟಲೆ ತೂಕ, ಗುರಿ, ಗಾಳಿ ಎಂದು ಬರೆದಿಟ್ಟ ಪುಸ್ತಕಗಳು ಹೀಗೆ ಹಳತಾಗುತ್ತಿವೆ. ಅಪ್ಪನ ಪುಸ್ತಕ ಹಿಂದೆಯೂ ಅಪ್ಪನ ಕೋವಿಗಷ್ಟೇ ಹೊಂದುತ್ತಿತ್ತು. ಮಗ ತನ್ನದಕ್ಕೆ ಮತ್ತೆ ಕನಿಷ್ಠದಿಂದಲೇ ತೊಡಗಬೇಕಿತ್ತು. ಅಪ್ಪ ಪಕ್ಕದಲ್ಲಿ ಕೂತು ಕಲಿಸುತ್ತಿದ್ದ, ಅಷ್ಟೇ. ತುಂಬಿಟ್ಟ ತೋಟೆಯ ಡಬ್ಬ ಅಂಗಡಿಯಲ್ಲಿ ಸಿಗುವಾಗ ಹಾಗೆ ಕೂರಲು ಇಬ್ಬರಿಗೂ ಪುರುಸೊತ್ತು ಇರುತ್ತದೆಯೇ?