ಹಿತ್ತಿಲ ಹಕ್ಕಿಗಳಿಗೆ ಮನೆಯ ಮೇವು

ಸುಗ್ಗಿಯ ಕಾಲದಲ್ಲಿ ಹೊಸ ತೆನೆಗಳನ್ನು ಗೊಂಚಲಾಗಿ ಕಟ್ಟಿ ಮನೆಯ ಬಾಗಿಲಿಗೆ ತೂಗುಹಾಕುವ ರೂಢಿ ನಾಡಿನ ಒಕ್ಕಲು ಮನೆತನಗಳಲ್ಲಿ ಉಂಟು. ಅದು ಮನೆಗೆ ಶೋಭೆ, ಗುಬ್ಬಚ್ಚಿಗೆ ಅಶನ. ಕಣದಲ್ಲಿ ಚೆಲ್ಲಿದ ಕಾಳು, ಅಂಗಳದಲ್ಲಿ ಕೇರುವಾಗ ಉದುರಿದ ನುಚ್ಚು ಇವೂ ಪಕ್ಷಿಗಳ ಪಾಲೇ ಆಗಿದ್ದವು. ಒಕ್ಕಣೆಯು ಯಂತ್ರಕ್ಕೆ ಸಂದು, ಹಸನಾದ ಧಾನ್ಯವು ಅಂಗಡಿಯಿಂದ ಬರತೊಡಗಿದ ಮೇಲೆ ಆ ಪಾಲು ಕುಗ್ಗಿತು. ಆದುದರಿಂದ ಈಗ ಬೇಕೆಂದೇ ಉಣಿಸಬೇಕಾಗಿದೆ. ಆದರೆ ಕರುಣೆಯೊಂದೇ ಸಾಲದು. ಅರಿವಿಲ್ಲದ ದಾನವು ವಿಷವಾಗಿ ಪರಿಣಮಿಸುವುದೂ ಉಂಟು.

ಯಾವ ಹಕ್ಕಿಗೆ ಯಾವ ಮೇವೆಂಬುದನ್ನು ಅದರ ಕೊಕ್ಕೇ ಹೇಳುತ್ತದೆ. ಗುಬ್ಬಚ್ಚಿ, ರಾಟವಾಳಗಳ ಮೊಟಕಾದ ಗಟ್ಟಿ ಕೊಕ್ಕು ಕಾಳನ್ನು ಒಡೆಯಲು ತಕ್ಕುದು. ಪಿಕಳಾರ, ಕೋಗಿಲೆಗಳಿಗೆ ಹಣ್ಣು ಪ್ರಿಯ. ಗೊರವಂಕವು ಹಣ್ಣು, ಹುಳು, ಅನ್ನ ಎಲ್ಲವನ್ನೂ ತಿನ್ನುತ್ತದೆ. ಸೂರಕ್ಕಿಯ ನೀಳವಾದ ಬಾಗುಗೊಕ್ಕು ಹೂವಿನ ಮಕರಂದಕ್ಕಾಗಿಯೇ ಇದೆ.

ಕಾಳು ತಿನ್ನುವ ಹಕ್ಕಿಗಳಿಗೆ ನವಣೆ ಎರಡು ಪಾಲು, ಜೋಳದ ನುಚ್ಚು ಎರಡು ಪಾಲು, ಸಜ್ಜೆ ಒಂದು ಪಾಲು ಬೆರೆಸಿದರೆ ಒಳ್ಳೆಯ ಮೇವಾಗುತ್ತದೆ. ಇದಕ್ಕೆ ಒಂದು ಚಿಟಿಕೆ ಶುಚಿಯಾದ ಮರಳು ಸೇರಬಹುದು. ಹಲ್ಲಿಲ್ಲದ ಹಕ್ಕಿಯು ನುಂಗಿದ ಹರಳುಗಳ ನೆರವಿನಿಂದಲೇ ಹೊಟ್ಟೆಯಲ್ಲಿ ಕಾಳನ್ನು ಅರೆಯುತ್ತದೆ. ಹಣ್ಣುಣ್ಣುವ ಹಕ್ಕಿಗಳಿಗೆ ಕಳಿತ ಬಾಳೆ, ಪರಂಗಿ, ಸೀಬೆಗಳ ಹೋಳುಗಳನ್ನಿಡಬೇಕು. ಉಪ್ಪಿಲ್ಲದ ಅನ್ನ ಅಥವಾ ರಾಗಿ ಮುದ್ದೆಯ ಚೂರನ್ನು ಮಿತವಾಗಿ ಕೊಡಬಹುದು.

ಉಪ್ಪು, ಒಗ್ಗರಣೆ, ಕರಿದ ತಿಂಡಿ ಇವು ಸರ್ವಥಾ ವರ್ಜ್ಯ. ಹಕ್ಕಿಯ ಕಿರುದೇಹವು ಉಪ್ಪಿನ ಭಾರವನ್ನು ತಾಳಲಾರದು. ಹಾಲನ್ನು ಅದು ಅರಗಿಸಿಕೊಳ್ಳಲಾರದು. ಬೆಣ್ಣೆಹಣ್ಣಿನಲ್ಲಿ ಪಕ್ಷಿಗಳಿಗೆ ಮಾರಕವಾದ ಅಂಶವಿದೆ. ಬೂಷ್ಟು ಹಿಡಿದ ಕಾಳು ಇನ್ನೂ ಭಯಂಕರ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1,00,000 ಟರ್ಕಿ ಕೋಳಿಗಳು ಸತ್ತುವು. ಅವು ತಿಂದ ಕಡಲೆಕಾಯಿ ಹಿಂಡಿಯ ಬೂಷ್ಟೇ ಅದಕ್ಕೆ ಕಾರಣವೆಂದು ತಿಳಿದುಬಂದಿತು. ಅಫ್ಲಾಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದುದು ಹಾಗೆ. ಮನುಷ್ಯರು ತಿನ್ನಲೊಲ್ಲದೆ ಎತ್ತಿಟ್ಟ ಮುಗ್ಗಲು ಧಾನ್ಯವನ್ನು ಹಕ್ಕಿಗೆ ಹಾಕುವುದು ಪುಣ್ಯವಲ್ಲ.

ಮೇವಿನಷ್ಟೇ ಮುಖ್ಯವಾದುದು ಪಾತ್ರೆಯ ಶುಚಿತ್ವ. ಅನೇಕ ಹಕ್ಕಿಗಳು ಒಂದೆಡೆ ಉಣ್ಣುವಲ್ಲಿ ಎಂಜಲಿನಿಂದ ರೋಗ ಹರಡುತ್ತದೆ. 2005ರಿಂದ ಬ್ರಿಟನ್ನಿನಲ್ಲಿ ಹಬ್ಬಿದ ಟ್ರೈಕೊಮೊನೋಸಿಸ್ ಎಂಬ ರೋಗವು ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿತು. ಆದುದರಿಂದ ಒಂದು ದಿನದಲ್ಲಿ ಮುಗಿಯುವಷ್ಟನ್ನೇ ಇಡಬೇಕು. ಉಳಿದುದನ್ನು ಸಂಜೆ ತೆಗೆದು, ತಟ್ಟೆಯನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಪಕ್ಕದಲ್ಲಿ ಆಳವಿಲ್ಲದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು, ನಡುವೆ ಒಂದು ಕಲ್ಲನ್ನಿರಿಸಿ, ನೀರನ್ನು ದಿನವೂ ಬದಲಿಸಬೇಕು. ಬೇಸಗೆಯಲ್ಲಿ ಕಾಳಿಗಿಂತ ನೀರೇ ಹೆಚ್ಚಿನ ಉಪಕಾರ. ಬೆಕ್ಕು ಹೊಂಚುಹಾಕುವ ಪೊದೆಯಿಂದ ಇವೆಲ್ಲ ದೂರವಿರಲಿ.

ಇಷ್ಟಾದರೂ ಮನುಷ್ಯನಿಂದ ಸಿದ್ಧಪಡಿಸಲಾಗದ ಅಡುಗೆಯೊಂದಿದೆ. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಗಳನ್ನೇ ತಂದುಣಿಸುತ್ತದೆ. ಎಳೆಯ ದೇಹ ಬೆಳೆಯಲು ಆ ಸಾರವೇ ಬೇಕು. ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ತಟ್ಟೆ ತುಂಬ ನವಣೆಯಿದ್ದರೂ ಗೂಡಿನ ಮರಿ ಹಸಿದೇ ಇರುತ್ತದೆ. ಆದುದರಿಂದ ದಾಸವಾಳ, ಕರಿಬೇವು, ಸೀಬೆ ಮೊದಲಾದುವನ್ನು ನೆಟ್ಟು, ವಿಷವನ್ನು ಚೆಲ್ಲದಿರುವ ಹಿತ್ತಿಲೇ ನಿಜವಾದ ದಾಸೋಹದ ಮನೆ. ತಟ್ಟೆಯ ಮೇವು ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಪ್ರತಿಯೊಂದು ಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಿಂದಲೇ ಈ ಕಾರ್ಯ ನಡೆದರೆ, ದಯೆಯೆಂಬುದು ಪಾಠದ ಪದವಾಗಿ ಉಳಿಯದೆ ನಿತ್ಯದ ನಡೆಯಾದೀತು.