ವೈರಾಣು-ನಿರ್ದಿಷ್ಟ ಟಿ ಕೋಶಗಳ ಪತ್ತೆ: ಸಾರ್ವಜನಿಕರಿಗೆ ಮಾಹಿತಿ

ಅಂಗಾಂಗ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸಬೇಕಾಗಿರುವುದರಿಂದ, ದೇಹದಲ್ಲಿ ಸುಪ್ತವಾಗಿರುವ ಸೈಟೊಮೆಗಲೊ ವೈರಾಣು ಪುನಃ ಸಕ್ರಿಯವಾಗುವ ಸಂಭವವಿರುತ್ತದೆ. ಇದನ್ನು ಹತೋಟಿಯಲ್ಲಿಡುವ ಟಿ ಕೋಶಗಳು ರಕ್ತದಲ್ಲಿ ಅತಿ ವಿರಳವಾಗಿರಬಹುದು. ಬಿಳಿ ರಕ್ತಕಣಗಳ ಸಾಮಾನ್ಯ ಎಣಿಕೆಯಿಂದ ಅವು ತಿಳಿದುಬರುವುದಿಲ್ಲ. ಅವುಗಳ ಪತ್ತೆಗೆ ಬಳಸುವ ಎರಡು ವಿಧಾನಗಳು ಈ ಕೆಳಕಂಡಂತಿವೆ:

1. ಎಲಿಸ್ಪಾಟ್: ರಕ್ತದ ಕೋಶಗಳಿಗೆ ವೈರಾಣುವಿನ ಪ್ರೋಟೀನ್ ತುಣುಕುಗಳನ್ನು ಸೇರಿಸಿದಾಗ, ಅವನ್ನು ಗುರುತಿಸಿದ ಕೋಶವು ಇಂಟರ್‌ಫೆರಾನ್ ಗಾಮಾ ಸ್ರವಿಸಿ ಪರೀಕ್ಷಾ ತಟ್ಟೆಯಲ್ಲಿ ಒಂದು ಚುಕ್ಕೆ ಮೂಡಿಸುತ್ತದೆ.

2. ಟೆಟ್ರಾಮರ್ (1996ರಲ್ಲಿ ಪ್ರಕಟಿತ): ವೈರಾಣುವಿನ ತುಣುಕನ್ನು ಹೊತ್ತ ನಾಲ್ಕು ಎಚ್‌ಎಲ್‌ಎ ಅಣುಗಳ ಹೊಳೆಯುವ ಜೋಡಣೆಯು ಸಂಬಂಧಪಟ್ಟ ಕೋಶಕ್ಕೆ ಅಂಟಿಕೊಳ್ಳುತ್ತದೆ, ಫ್ಲೋ ಸೈಟೋಮೀಟರ್ ಯಂತ್ರವು ಅದನ್ನು ಎಣಿಸುತ್ತದೆ.

ಟೆಟ್ರಾಮರ್ ಕೋಶದ ಇರುವಿಕೆಯನ್ನೂ, ಎಲಿಸ್ಪಾಟ್ ಅದರ ಕಾರ್ಯಶೀಲತೆಯನ್ನೂ ತಿಳಿಸುತ್ತದೆ. ಆದುದರಿಂದ ವರದಿಯಲ್ಲಿನ ಸಂಖ್ಯೆಯೊಂದನ್ನೇ ನೆಚ್ಚಿ ಔಷಧಿಯನ್ನು ನಿಲ್ಲಿಸತಕ್ಕದ್ದಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆ ಪಡೆಯತಕ್ಕದ್ದು.